ಸಬ್ಸಿಡಿ ಲೋನ್ ಮಾಡಿಸಿಕೊಡ್ತೀವಿ ಅಂತ ಫೋನ್ ಬಂದರೆ ಒಂದು ರೂಪಾಯಿನೂ ಕೊಡಬೇಡಿ

ಸಣ್ಣದಾಗಿ ಏನಾದರೂ ಉದ್ಯೋಗ ಶುರು ಮಾಡಬೇಕು, ಸರ್ಕಾರದ ಸಾಲ ಸಿಗುತ್ತಾ ಅಂತ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಣ್ಣ ಉದ್ಯಮಗಳಿಗೆ (ಎಂಎಸ್‌ಎಂಇ) ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ. ಹೊಸ ಯೂನಿಟ್ ಹಾಕುವವರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯ ಅರ್ಜಿಗೆ ಶುಲ್ಕ ಇಲ್ಲ. ಮುದ್ರಾ ಸಾಲಕ್ಕೆ ಸರ್ಕಾರ ಯಾವ ಏಜೆಂಟನ್ನೂ ಇಟ್ಟಿಲ್ಲ. ಇವುಗಳ ಹೆಸರು ಹೇಳಿಕೊಂಡೇ ನನ್ನ ಹತ್ತಿರ 10,499 ರೂಪಾಯಿ ಕಿತ್ತುಕೊಂಡರು. ದುಡ್ಡು ಹೋಗಿದ್ದು ಒಂದು ಕಡೆ, ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸುವುದು ಏನೆಂದರೆ ನನ್ನ ಹೆಸರಿನ ಸರ್ಟಿಫಿಕೇಟಿನ ಜುಟ್ಟು ಇವತ್ತಿಗೂ ಅವರ ಕೈಯಲ್ಲೇ ಇದೆ.

ಅಡಿಕೆ ಹಾಳೆ ತಟ್ಟೆ ಮಾಡುವ ಯೂನಿಟ್ ಹಾಕಬೇಕು ಅಂತ ನನ್ನ ಯೋಚನೆ. ನಮ್ಮ ಕಡೆ ಹಾಳೆಗೆ ಬರ ಇಲ್ಲ, ಮದುವೆ, ದೇವಸ್ಥಾನದ ಊಟಕ್ಕೆ ತಟ್ಟೆಗೆ ಬೇಡಿಕೆ ಇದೆ. ಲೆಕ್ಕ ಹಾಕಿದರೆ 8 ಲಕ್ಷ ಬೇಕಿತ್ತು. ಮೊದಲು ಉದ್ಯಮ್ ಮಾಡಿಸಿಕೋ ಅಂದರು ಅಂತ ಮೊಬೈಲಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದ ತಾಣ ತೆರೆದರೆ ತ್ರಿವರ್ಣದ ಪಟ್ಟಿ, ಸಿಂಹದ ಲಾಂಛನದ ಥರದ್ದೇ ಚಿತ್ರ, ಹೆಸರು ನಂಬರ್ ತುಂಬುವ ಫಾರಂ. ತುಂಬಿ ಟೀ ಕುಡಿಯುವಷ್ಟರಲ್ಲಿ ಫೋನ್ ಬಂತು. "ಅಕ್ಕಾ, ಎಂಎಸ್‌ಎಂಇ ಡಿಪಾರ್ಟ್‌ಮೆಂಟಿಂದ ಮಾತಾಡ್ತಿರೋದು."

ಇದನ್ನು ಗಮನಿಸಿ. ಡಿಪಾರ್ಟ್‌ಮೆಂಟಿಂದ ಅಂತಲೇ ಅಂದದ್ದು.

ಸರ್ಕಾರಿ ಶುಲ್ಕ 2,999 ಅಂದ. ಕಟ್ಟಿದೆ. ಒಟಿಪಿ ಬರುತ್ತೆ ಹೇಳಿ ಅಂದ, ಬಂದದ್ದು ಆಧಾರ್‌ನವರ ಒಟಿಪಿಯೇ, ಸುಳ್ಳಲ್ಲ. ಅವತ್ತೇ ಸರ್ಟಿಫಿಕೇಟೂ ಬಂತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನಿಜವಾದ ಸರ್ಕಾರಿ ತಾಣವೇ ತೆರೆದುಕೊಂಡಿತು. ಇವರ ಆಟ ಇರುವುದೇ ಇಲ್ಲಿ. ಮೊದಲು ಕೊಡುವ ಕಾಗದ ಅಸಲಿಯದ್ದೇ. ಸರ್ಕಾರ ಪುಕ್ಕಟೆ ಕೊಡುವುದನ್ನೇ ತೆಗೆದು ನಮಗೆ ಮಾರುತ್ತಾರೆ, ಅಸಲಿ ಕಾಗದ ಕೈಗೆ ಬಂದ ಮೇಲೆ ಮುಂದಿನದ್ದನ್ನೂ ಜನ ನಂಬುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಮುಂದಿನದ್ದು ಪಿಎಂಇಜಿಪಿ. "ಅಕ್ಕಾ, ಹಳ್ಳಿ, ಅದರಲ್ಲೂ ಮಹಿಳೆ, ನಿಮಗೆ ಶೇ 35 ಸಬ್ಸಿಡಿ, 2 ಲಕ್ಷದ 80 ಸಾವಿರ ನೇರ ನಿಮ್ಮ ಕೈಗೆ." ಶೇ 35 ಅನ್ನುವುದು ನಿಜ. ಕೈಗೆ ಅನ್ನುವುದು ಹಸಿ ಸುಳ್ಳು. ಆ ಹಣ ಸಾಲ ಕೊಟ್ಟ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಯೂನಿಟ್ ನಡೀತಿದೆಯಾ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಇದನ್ನು ಆತ ಯಾವತ್ತೂ ಹೇಳಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಬೇಕು, ಸಿಎ ಸಹಿ ಬೇಕು ಅಂತ 7,500 ತೆಗೆದುಕೊಂಡ. ಅದಾದ ಮೇಲೆ ನಿಜವಾದ ಬೇಡಿಕೆ ಬಂತು: ಯೂನಿಟ್ಟಿನ ಖರ್ಚಿನಲ್ಲಿ ನೀವು ಹಾಕಬೇಕಾದ ನಿಮ್ಮ ಪಾಲಿನ ಶೇ 5, ಅಂದರೆ 40,000, ಇವತ್ತು ಸಂಜೆಯೊಳಗೆ ನಮ್ಮ ಖಾತೆಗೆ ಹಾಕಿ, ನಾಳೆ ಸ್ಯಾಂಕ್ಷನ್.

ಖಾತೆಯ ಹೆಸರು ನೋಡಿದರೆ ಯಾವುದೋ ಒಬ್ಬ ವ್ಯಕ್ತಿಯ ಹೆಸರು. ಬ್ಯಾಂಕ್ ಅಲ್ಲ, ಇಲಾಖೆ ಅಲ್ಲ. ಅಲ್ಲಿಗೆ ನಿಲ್ಲಿಸಿ ಫೈಲ್ ಎತ್ತಿಕೊಂಡು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದೆ.

ಅಲ್ಲಿದ್ದ ಅಧಿಕಾರಿ ಬೈಯಲಿಲ್ಲ, ನಗಲಿಲ್ಲ. ರಿಪೋರ್ಟ್ ತಿರುವಿದರು. ಯಂತ್ರಗಳ ಪಟ್ಟಿ ಇರುವ ಪುಟದಲ್ಲಿ ಬೆರಳಿಟ್ಟು, "ಅಮ್ಮಾ, ನೀವು ಮಾಡೋದು ಹಾಳೆ ತಟ್ಟೆ ಅಲ್ವಾ?" ಅಂದರು. ಹೌದು ಅಂದೆ. "ಇಲ್ಲಿ ಪೇಪರ್ ಕಪ್ ಮೆಷಿನ್ ಅಂತ ಇದೆಯಲ್ಲ." ಹಾಳೆ ನೆನೆಸುವ ತೊಟ್ಟಿ ಇಲ್ಲ, ಬಿಸಿ ಮಾಡಿ ಒತ್ತುವ ಡೈ ಇಲ್ಲ. ಯಾರದ್ದೋ ಪೇಪರ್ ಕಪ್ ರಿಪೋರ್ಟಿಗೆ ನನ್ನ ಹೆಸರು ಅಂಟಿಸಿ 7,500ಕ್ಕೆ ಮಾರಿದ್ದರು. ಮಾದರಿ ಪ್ರಾಜೆಕ್ಟ್ ರಿಪೋರ್ಟುಗಳು ಖಾದಿ ಆಯೋಗದ ಪಿಎಂಇಜಿಪಿ ತಾಣದಲ್ಲೇ ಪುಕ್ಕಟೆ ಸಿಗುತ್ತವೆ ಅಂತ ಅವರೇ ತೆಗೆದು ತೋರಿಸಿದರು.

ಆಮೇಲೆ ಉದ್ಯಮ್ ಸರ್ಟಿಫಿಕೇಟ್ ನೋಡಿದರು. ವಿಳಾಸದ ಕೆಳಗೆ ಮೊಬೈಲ್ ಮತ್ತು ಇಮೇಲ್ ಅಂತ ಒಂದು ಸಾಲು ಇರುತ್ತದೆ. "ಈ ನಂಬರ್ ನಿಮ್ಮದಾ?" ಅಂತ ಕೇಳಿದರು.

ನನ್ನದಲ್ಲ. ಇಮೇಲೂ ನನ್ನದಲ್ಲ. ಹಿಂದೆ ಕುರ್ಚಿಗಳಲ್ಲಿ ಸಾಲಾಗಿ ಜನ ಕೂತಿದ್ದರು, ಎಲ್ಲರಿಗೂ ಕೇಳಿಸುತ್ತಿತ್ತು, ಕಿವಿ ಬಿಸಿಯಾಗಿ ಹೋಯಿತು. ನನ್ನ ಆಧಾರ್, ನನ್ನ ಪ್ಯಾನ್, ನನ್ನ ಯೂನಿಟ್, ಆದರೆ ಒಂದಕ್ಷರ ತಿದ್ದಬೇಕು ಅಂದರೂ ಒಟಿಪಿ ಹೋಗುವುದು ಅವನ ಮೊಬೈಲಿಗೆ! ಬೇರೆ ಹೊಸದು ಮಾಡಿಸೋಣ ಅಂದರೆ ಒಂದು ಉದ್ಯಮಕ್ಕೆ ಒಂದೇ ನೋಂದಣಿ. ಬೇಕಂತಲೇ ಹೀಗೆ ಮಾಡುತ್ತಾರೆ. ಮರೆತು ಹಾಕಿದ್ದಲ್ಲ, ಬೇಕಂತಲೇ.

ಹೊರಗೆ ಬಂದು ಫೋನ್ ಮಾಡಿದೆ. ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬಂದ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

ಉದ್ಯಮ್ ಫ್ರೀ ಅಂತಲ್ಲ, 2,999 ಯಾಕೆ ತಗೊಂಡ್ರಿ ಅಂದರೆ: "ಮೇಡಂ ಅದು ನಮ್ಮ ಕನ್ಸಲ್ಟೆನ್ಸಿ ಚಾರ್ಜ್. ವೆಬ್‌ಸೈಟ್ ಕೆಳಗೆ ಹಾಕಿದೀವಿ ಓದ್ಕೊಳಿ." ಹೋಗಿ ನೋಡಿದರೆ ತೀರಾ ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಇದು ಖಾಸಗಿ ಸಂಸ್ಥೆ, ಸರ್ಕಾರಕ್ಕೆ ಸಂಬಂಧ ಇಲ್ಲ ಅಂತ ಇದೆ. ಹಾಗಾದರೆ ಡಿಪಾರ್ಟ್‌ಮೆಂಟಿಂದ ಅಂದಿದ್ದು ಯಾರು?

ಪೇಪರ್ ಕಪ್ ಯಾಕೆ ಬಂತು ಅಂದರೆ: "ಟೈಪಿಂಗ್ ಮಿಸ್ಟೇಕ್, ಕರೆಕ್ಷನ್‌ಗೆ 500 ಆಗುತ್ತೆ."

ನಂಬರ್ ಬದಲಾಯಿಸಿ ಕೊಡಿ ಅಂದರೆ: "ಬ್ಯಾಲೆನ್ಸ್ ಕ್ಲಿಯರ್ ಮಾಡಿ, ಮಾಡ್ಕೊಡ್ತೀವಿ." ಯಾವ ಬ್ಯಾಲೆನ್ಸ್? ಆ 40,000!

ದೂರು ಕೊಡುತ್ತೇನೆ ಅಂದಾಗ ಸ್ವರ ಮೆತ್ತಗಾಯಿತು. ಪಿಎಂಇಜಿಪಿ ಬೇಡ ಬಿಡಿ, ದೆಹಲಿಯಿಂದ ನೇರ ಮುದ್ರಾ ಮಾಡಿಸ್ತೀನಿ ಅಂತ ಒಂದು ಪಿಡಿಎಫ್ ಕಳಿಸಿದ. 8 ಲಕ್ಷ ಮಂಜೂರು, ಮೇಲೆ ಲಾಂಛನ, ಕೆಳಗೆ ಸೀಲು, ಇನ್ಶೂರೆನ್ಸ್ ಅಂತ ಮತ್ತೆ ದುಡ್ಡು ಕಟ್ಟಿ ಅಂತ ಸಾಲು. ಮುದ್ರಾ ಸಂಸ್ಥೆ ನಮಗೆ ನೇರವಾಗಿ ಸಾಲ ಕೊಡುವುದೇ ಇಲ್ಲ ಕಣ್ರೀ. ಅದು ಬ್ಯಾಂಕುಗಳಿಗೆ, ಹಣಕಾಸು ಸಂಸ್ಥೆಗಳಿಗೆ ಹಣ ಒದಗಿಸುತ್ತದೆ. ನಮಗೆ ಸಾಲ ಕೊಡುವುದು, ಬೇಡ ಅನ್ನುವುದು ಎಲ್ಲ ಬ್ಯಾಂಕೇ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಬ್ಯಾಂಕ್ ಮೆಟ್ಟಿಲೇ ಹತ್ತದೆ ದೆಹಲಿಯಿಂದ ಪತ್ರ ಬಂತು ಅಂದರೆ ಅದು ಕಳ್ಳ ಪತ್ರ.

ಇಷ್ಟಾದ ಮೇಲೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನಮ್ಮ ಸ್ವಸಹಾಯ ಸಂಘದ ಒಬ್ಬರು ಮೊಬೈಲ್ ತಂದು ತೋರಿಸಿದರು. ನನ್ನ ಸರ್ಟಿಫಿಕೇಟನ್ನೇ ಅವನು ಸ್ಟೇಟಸ್‌ನಲ್ಲಿ ಹಾಕಿಕೊಂಡಿದ್ದಾನೆ, ನಮ್ಮ ಗ್ರಾಹಕರು ಅಂತ. "ನಿಮ್ಮ ಊರಿನ ಅಕ್ಕಂಗೇ ಮಾಡಿಸಿಕೊಟ್ಟಿದೀವಿ" ಅಂತ ಅವರಿಗೆ ಫೋನ್ ಬೇರೆ. ನನ್ನ ಹೆಸರು ತೋರಿಸಿ ನನ್ನ ಜೊತೆಯವರಿಂದಲೇ ದುಡ್ಡು ಕೀಳುವುದಕ್ಕೆ ಎಷ್ಟು ಧೈರ್ಯ ಇರಬೇಕು! ಅದಕ್ಕೇ ನಾಚಿಕೆ ಪಕ್ಕಕ್ಕಿಟ್ಟು ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾನು ಹೇಳುವುದು ಇಷ್ಟೇ. ಉದ್ಯಮ್ ತಾಣದ ವಿಳಾಸ ಜಿಒವಿ ಡಾಟ್ ಇನ್ ಅಂತಲೇ ಮುಗಿಯಬೇಕು, ಬೇರೆ ಏನಿದ್ದರೂ ಮುಚ್ಚಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಕಾಗದ ಅಪ್‌ಲೋಡ್ ಕೂಡ ಬೇಡ, ಓದುತ್ತಿರುವ ಮಕ್ಕಳಿದ್ದರೆ ಕೂರಿಸಿಕೊಂಡು ಮಾಡಿ. ಈಗಾಗಲೇ ಯಾರ ಕೈಲಾದರೂ ಮಾಡಿಸಿದ್ದರೆ ಇವತ್ತೇ ಸರ್ಟಿಫಿಕೇಟ್ ತೆಗೆದು ಮೊಬೈಲ್ ನಂಬರಿನ ಸಾಲು ನೋಡಿ, ಇವತ್ತೇ. ಪಿಎಂಇಜಿಪಿಯಲ್ಲಿ ನಮ್ಮ ಪಾಲಿನ ದುಡ್ಡು ಸಾಲ ಮಂಜೂರಾದ ಮೇಲೆ ಬ್ಯಾಂಕಿಗೆ ಕಟ್ಟುವುದು, ಯಾವ ಅಣ್ಣನ ಖಾತೆಗೂ ಅಲ್ಲ. ಸಲಹೆ ಬೇಕಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಕೇಳಿದರೆ ಹೇಳುತ್ತಾರೆ. ತರಬೇತಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಇದೆ, ಅದೇ ಮಾದರಿಯ ಆರ್‌ಸೆಟಿಗಳು ಜಿಲ್ಲೆ ಜಿಲ್ಲೆಯಲ್ಲಿವೆ, ಊಟ ವಸತಿ ಸಮೇತ ಪುಕ್ಕಟೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಕಳಿಸಿದ ವಹಿವಾಟಿನ ಯುಟಿಆರ್ ನಂಬರ್ ಕೈಯಲ್ಲಿಟ್ಟುಕೊಳ್ಳಿ, ಮೊದಲು ಕೇಳುವುದೇ ಅದನ್ನು.

ನಾನು 1930ಕ್ಕೂ ಹೇಳಿದ್ದೇನೆ, ಎಂಎಸ್‌ಎಂಇ ಸಚಿವಾಲಯದ ಚಾಂಪಿಯನ್ಸ್ ಪೋರ್ಟಲ್‌ನಲ್ಲೂ ದೂರು ಹಾಕಿದ್ದೇನೆ. ನಂಬರ್ ಇನ್ನೂ ಬದಲಾಗಿಲ್ಲ.

ಈ ವಾರ ಸಂಘದ ಇನ್ನೊಬ್ಬರಿಗೆ ಬೇರೆ ನಂಬರಿಂದ ಫೋನ್ ಬಂದಿದೆ. ಈ ಸಲ ಸಾಲ ಅಲ್ಲ, ಜೆಮ್ ಪೋರ್ಟಲ್, ಅಂದರೆ ಸರ್ಕಾರಿ ಇಲಾಖೆಗಳು ಸಾಮಾನು ಕೊಳ್ಳುವ ಆನ್‌ಲೈನ್ ತಾಣ. ಸರ್ಕಾರ ಶೇ 25 ಸಣ್ಣ ಉದ್ಯಮದಿಂದಲೇ ಕೊಳ್ಳಬೇಕು, ಅದರಲ್ಲಿ ಮಹಿಳೆಯರಿಗೆ ಶೇ 3, ರಿಜಿಸ್ಟರ್ ಮಾಡಿಸಿದರೆ ಆರ್ಡರ್ ಗ್ಯಾರಂಟಿ ಅಂತ. ಆ ಶೇ 25, ಶೇ 3 ಎರಡೂ ನಿಜ, 2012ರ ಖರೀದಿ ನೀತಿಗೆ 2018ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಇದೆ. ಆದರೆ ಅದು ಕೇಂದ್ರದ ಇಲಾಖೆಗಳು, ಕಂಪನಿಗಳು ವರ್ಷದ ಒಟ್ಟು ಖರೀದಿಯಲ್ಲಿ ಮುಟ್ಟಬೇಕಾದ ಲೆಕ್ಕ, ನಿಮಗೆ ನನಗೆ ಆರ್ಡರ್ ಕೊಡುತ್ತೇವೆ ಅಂತ ಬರೆದುಕೊಟ್ಟದ್ದಲ್ಲ. ನೋಂದಣಿ ಮಾಡಿಸಿಕೊಂಡರೂ ಬೆಲೆ ಹಾಕಿ, ಬೇರೆಯವರ ಜೊತೆ ಪೈಪೋಟಿ ಮಾಡಿಯೇ ಆರ್ಡರ್ ಹಿಡಿಯಬೇಕು. ಅವರಿಗೆ ಕೇಳಿದ ಶುಲ್ಕ 4,999. ಅವರು ಕೊಟ್ಟಿಲ್ಲ. ನಿಮಗೂ ಫೋನ್ ಬಂದರೆ ಒಟಿಪಿ ಹೇಳಬೇಡಿ, ಆ ನಂಬರ್ ಬರೆದಿಟ್ಟುಕೊಂಡು ದೂರು ಕೊಡಿ.