ಐಪಿ ಲೆಕ್ಕ ಇಡೋಕೆ ಎಕ್ಸೆಲ್, ಪಿಎಚ್‌ಪಿ ಐಪ್ಯಾಮ್, ನೆಟ್‌ಬಾಕ್ಸ್: ಮೂರನ್ನೂ ಬಳಸಿ ನೋಡಿದೆ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಗೇಟಿನ ಹತ್ತಿರದ ಹಾಜರಿ ಮಷಿನ್ ಒಮ್ಮೆ ಸರ್ವರ್‌ಗೆ ಸಿಗುತ್ತಿತ್ತು, ಒಮ್ಮೆ ಇಲ್ಲ. ಕೇಬಲ್ ಬದಲಿಸಿದೆ, ಸ್ವಿಚ್‌ನ ಪೋರ್ಟ್ ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು, ಅದು ನನ್ನದೇ. ಶನಿವಾರ ಹೊಸ ಪ್ರಿಂಟರ್‌ಗೆ ನಾನು ಕೊಟ್ಟಿದ್ದು ಇದೇ ಮಷಿನ್‌ನ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಒಂದೇ ಸಾಧನಕ್ಕೆ ಇರಬೇಕಾದ ವಿಳಾಸ! ಎಕ್ಸೆಲ್ ಶೀಟಿನಲ್ಲಿ ಆ ಸಾಲು ಖಾಲಿ ಇತ್ತು. ಪಿಂಗ್ ಕೂಡ ಮಾಡಿ (ಆ ವಿಳಾಸದಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿ) ನೋಡಿದ್ದೆ, ಉತ್ತರ ಬರಲಿಲ್ಲ. ಹೇಗೆ ಬರುತ್ತೆ, ಗೇಟಿನ ಯುಪಿಎಸ್ ಅವತ್ತು ಆಫ್ ಆಗಿತ್ತು.

ನಮ್ಮದು ದೊಡ್ಡ ನೆಟ್‌ವರ್ಕ್ ಅಲ್ಲ. ಎಂಟು ವಿಲ್ಯಾನ್ (ಒಂದೇ ನೆಟ್‌ವರ್ಕ್‌ನೊಳಗೆ ಮಾಡಿಕೊಂಡ ಬೇರೆ ಬೇರೆ ಭಾಗಗಳು), ಎಲ್ಲವೂ ಸ್ಲ್ಯಾಶ್ 24 ಅಳತೆಯವು. ಒಂದೊಂದರಲ್ಲೂ ಬಳಸಲು ಸಿಗುವುದು 254 ವಿಳಾಸ. ನೋಡಿಕೊಳ್ಳಲು ನಾನು, ಜೊತೆಗೊಬ್ಬ ಹುಡುಗ.

ಎಕ್ಸೆಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡಿದವರು. ಅದಕ್ಕೆ ಐಪಿ ಅಂದರೆ ಬರೀ ಅಕ್ಷರಗಳ ಸಾಲು. ಸಾರ್ಟ್ ಮಾಡಿದರೆ 10.10.20.100 ಮೇಲೆ ಬರುತ್ತೆ, 10.10.20.2 ಕೆಳಗೆ ಹೋಗುತ್ತೆ. ಸೆಲ್‌ನ ಮೂಲೆ ಹಿಡಿದು ಎಳೆದರೆ ಐಪಿಯಲ್ಲಿ 255 ದಾಟುವ ಹಾಗಿಲ್ಲದಿದ್ದರೂ 256, 257 ಅಂತ ಸುಮ್ನೆ ಬರೆದುಕೊಂಡು ಹೋಗುತ್ತೆ. ಇದೆಲ್ಲ ಸಹಿಸಬಹುದು. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್, ಹುಡುಗನ ಹತ್ತಿರ ಇನ್ನೊಂದು, ಮೇಲ್‌ನಲ್ಲಿ ಮೂರನೆಯದು. ಯಾವುದು ನಿಜ?

ಮೊದಲು ಹಾಕಿದ್ದು ನೆಟ್‌ಬಾಕ್ಸ್, ನೆಟ್‌ವರ್ಕ್‌ನ ಸಾಧನ ಮತ್ತು ಐಪಿಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಡಿಜಿಟಲ್‌ಓಷನ್ ಕಂಪನಿಯೊಳಗೆ ಹುಟ್ಟಿ, 2016ರಲ್ಲಿ ಓಪನ್ ಸೋರ್ಸ್ ಆದದ್ದು. ನೋಡಲು ಅಚ್ಚುಕಟ್ಟು. ಪೋಸ್ಟ್‌ಗ್ರೆಸ್, ರೆಡಿಸ್ ಅನ್ನುವ ಡೇಟಾಬೇಸ್ ಎರಡೂ ಬೇಕು, ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಕಂಟೇನರ್ ಅನ್ನುವ ಸಿದ್ಧ ಪೊಟ್ಟಣವಾಗಿ ನಡೆಸುವ ವ್ಯವಸ್ಥೆ) ಹಾಕಿದರೆ ಅದು ಕಷ್ಟವಲ್ಲ. ಕಷ್ಟ ಆಮೇಲಿನದು. ಒಂದು ಪ್ರಿಂಟರನ್ನು ಸರಿಯಾಗಿ ದಾಖಲಿಸಲು ಮೊದಲು ಸೈಟ್, ಆಮೇಲೆ ತಯಾರಕರು, ಮಾಡೆಲ್, ಅದರ ಕೆಲಸ ಏನು ಅಂತ ಒಂದು ರೋಲ್, ಆಮೇಲೆ ಡಿವೈಸ್, ಅದಕ್ಕೊಂದು ಇಂಟರ್‌ಫೇಸ್ (ನೆಟ್‌ವರ್ಕ್ ಪೋರ್ಟ್), ಕೊನೆಗೆ ಐಪಿ. ಬರೀ ಐಪಿ ಬರೆದು ಬಿಡಬಹುದು, ಆದರೆ ಅಷ್ಟಕ್ಕೇ ಆದರೆ ಇಷ್ಟೆಲ್ಲ ಯಾಕೆ ಅಲ್ವಾ?

ಇನ್ನೊಂದು ಮಾತು: ನೆಟ್‌ಬಾಕ್ಸ್ ತಾನಾಗಿ ನೆಟ್‌ವರ್ಕ್ ಸ್ಕ್ಯಾನ್ ಮಾಡುವುದಿಲ್ಲ. ಅದು ಕೊರತೆಯಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ನೆಟ್‌ವರ್ಕ್ ಹೇಗಿರಬೇಕು ಅನ್ನುವುದನ್ನು ಅಲ್ಲಿ ಬರೆಯಬೇಕು, ಈಗ ಹೇಗಿದೆ ಅನ್ನುವುದನ್ನಲ್ಲ. ಎಪಿಐ (ಬೇರೆ ಪ್ರೋಗ್ರಾಂಗಳು ಮಾಹಿತಿ ಪಡೆಯುವ ದಾರಿ) ಮೂಲಕ ಆನ್ಸಿಬಲ್ ಅನ್ನುವ ಆಟೊಮೇಷನ್ ಸಾಫ್ಟ್‌ವೇರ್‌ಗೆ ಜೋಡಿಸಿ ನೂರಾರು ಸ್ವಿಚ್ ನಡೆಸುವವರಿಗೆ ಇದು ಚಿನ್ನ. ನಾನು ಮೂರು ವಾರ ತುಂಬಿಸಿದೆ. ನಾಲ್ಕನೇ ವಾರ ಹುಡುಗ ಮತ್ತೆ ಶೀಟಿನಲ್ಲೇ ಬರೆಯುತ್ತಿದ್ದ.

ಐಪಿ ಲೆಕ್ಕ ಇಡುವ ಇನ್ನೊಂದು ಸಾಫ್ಟ್‌ವೇರ್ ಪಿಎಚ್‌ಪಿ ಐಪ್ಯಾಮ್ ಹಳೇ ಡೆಸ್ಕ್‌ಟಾಪ್ ಒಂದರಲ್ಲೇ ಕೂತಿತು. ಅದಕ್ಕೆ ಬೇಕಾದ್ದು ಪಿಎಚ್‌ಪಿ, ಮಾರಿಯಾಡಿಬಿ ಡೇಟಾಬೇಸ್, ಅಷ್ಟೇ. ಹಳೇ ಶೀಟನ್ನು ಸಿಎಸ್‌ವಿ ಮಾಡಿ ಒಳಗೆ ತಂದೆ. ಸಬ್‌ನೆಟ್ (ಒಂದು ವಿಲ್ಯಾನ್‌ನ ವಿಳಾಸಗಳ ಗುಂಪು) ತೆರೆದರೆ ಒಂದೊಂದು ವಿಳಾಸಕ್ಕೂ ಒಂದು ಪುಟ್ಟ ಬಣ್ಣದ ಚೌಕ. ಖಾಲಿ ಎಲ್ಲಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಪ್ರತಿ ಸಬ್‌ನೆಟ್‌ಗೂ ಹೊಸ ಸಾಧನ ಹುಡುಕುವ ಆಯ್ಕೆ ಬೇರೆ ಇದೆ. ಅದನ್ನು ಆನ್ ಮಾಡಿದ ಮರುದಿನವೇ ಕ್ಯಾಮೆರಾ ವಿಲ್ಯಾನ್‌ನಲ್ಲಿ ಶೀಟಿನಲ್ಲಿ ಇಲ್ಲದ ಏಳು ವಿಳಾಸ ಸಿಕ್ಕವು. ಕ್ಯಾಮೆರಾ ಹಾಕಲು ಬಂದವರು ಹೇಳದೇ ಕೊಟ್ಟುಕೊಂಡಿದ್ದು.

ಆದರೆ ನನಗೆ ಹಿಡಿಸಿದ್ದು ಚೌಕವಲ್ಲ, 'ಕೊನೆಗೆ ಕಂಡದ್ದು' ಅನ್ನುವ ತಾರೀಖು. ಮಷಿನ್ ಆಫ್ ಆದರೂ ಆ ಸಾಲು ಅಳಿಸಿಹೋಗುವುದಿಲ್ಲ. ಪ್ರಿಂಟರ್ ಹಾಕಿದ ಶನಿವಾರ ಇದು ಇದ್ದಿದ್ದರೆ, ಹಿಂದಿನ ದಿನ ಆ ಐಪಿ ಜೀವಂತ ಇತ್ತು ಅಂತ ಕಾಣುತ್ತಿತ್ತು.

ತೊಂದರೆ ಇಲ್ಲವೆಂದಲ್ಲ. ಸ್ಕ್ಯಾನ್ ನಡೆಯುವುದು ಕ್ರಾನ್‌ನಿಂದ, ಅಂದರೆ ಹೊತ್ತುಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ವ್ಯವಸ್ಥೆಯಿಂದ. ಡಾಕರ್‌ನಲ್ಲಿ ಅದಕ್ಕೆ ಬೇರೆಯೇ ಕಂಟೇನರ್ ಇದೆ, ಅದನ್ನು ಮರೆತು ನಾನು ಎರಡು ದಿನ ಸುಮ್ನೆ ಕಾದೆ. ಫೈರ್‌ವಾಲ್ ಪಿಂಗ್ ತಡೆದಿರುವ ವಿಂಡೋಸ್ ಪಿಸಿಗಳು ಸತ್ತಂತೆ ಕಾಣುತ್ತವೆ. ಹಾಗಾಗಿ ಉತ್ತರ ಬರದ ವಿಳಾಸವನ್ನು ಇವತ್ತಿಗೂ ಕಣ್ಣು ಮುಚ್ಚಿ ಕೊಡುವುದಿಲ್ಲ, ಸ್ವಿಚ್‌ನ ಎಆರ್‌ಪಿ ಟೇಬಲ್ (ಯಾವ ಐಪಿ ಯಾವ ಸಾಧನದ್ದು ಅನ್ನುವ ಪಟ್ಟಿ) ಒಮ್ಮೆ ನೋಡುತ್ತೇನೆ. ಎಪಿಐ ಇದೆ, ಆದರೆ ನೆಟ್‌ಬಾಕ್ಸಿನಷ್ಟು ನಯವಲ್ಲ. ರ‍್ಯಾಕ್, ಕೇಬಲ್ ಲೆಕ್ಕದಲ್ಲೂ ನೆಟ್‌ಬಾಕ್ಸೇ ಮುಂದೆ.

ನಾನು ಉಳಿಸಿಕೊಂಡಿದ್ದು ಪಿಎಚ್‌ಪಿ ಐಪ್ಯಾಮ್. ಕ್ಯಾಮೆರಾದವರಿಗೆ ಪಟ್ಟಿ ಕೊಡಲು ಮಾತ್ರ ಅದರಿಂದ ಎಕ್ಸೆಲ್ ತೆಗೆಯುತ್ತೇನೆ. ಹಾಜರಿ ಮಷಿನ್‌ನ ಸಾಲಿನಲ್ಲಿ ಹುಡುಗ ಒಂದು ಟಿಪ್ಪಣಿ ಹಾಕಿದ್ದಾನೆ: 'ಇದನ್ನು ಸರ್ ಮುಟ್ಟಬಾರದು'.