ಬಿಲ್ ಕೊಡದ ಅಂಗಡಿ: ಅಮೆರಿಕದ ಕಾಲೇಜ್ ಫುಟ್‌ಬಾಲ್ ರಿಪ್ಲೇ ಸೇವೆ ಹೇಗಿದೆ?

2013ರ ನವೆಂಬರ್ 30, ಆಬರ್ನ್ ಊರಿನಲ್ಲಿ ಎರಡು ವಿಶ್ವವಿದ್ಯಾಲಯ ತಂಡಗಳ ಪಂದ್ಯ. ಅಲಬಾಮಾ 28, ಆಬರ್ನ್ 28. ಅಲಬಾಮಾದ ಓಟಗಾರ ಚೆಂಡಿನ ಸಮೇತ ಪಕ್ಕದ ಗೆರೆ ದಾಟಿದಾಗ ಗಡಿಯಾರದಲ್ಲಿ ಸೊನ್ನೆ. ಇನ್ನು ಓವರ್‌ಟೈಮೇ ಗತಿ ಎನ್ನುವಷ್ಟರಲ್ಲಿ ಒಂದು ಸೆಕೆಂಡ್ ಉಳಿದಿದೆ ಎಂದು ಅಲಬಾಮಾ ಕೋಚ್ ನಿಕ್ ಸೇಬನ್ ಪಟ್ಟು ಹಿಡಿದರು. ರಿಪ್ಲೇ ನೋಡಿದರು, ಉಳಿದಿತ್ತು, ಕೊಟ್ಟರು. ಆ ಸೆಕೆಂಡಿನಲ್ಲಿ ಅಲಬಾಮಾ, ಕಂಬಗಳ ನಡುವೆ ಹೋದರೆ ಮೂರು ಪಾಯಿಂಟ್ ಸಿಗುವ 57 ಗಜದ ಫೀಲ್ಡ್ ಗೋಲ್‌ಗೆ ಒದೆಯಿತು. ಚೆಂಡು ಗುರಿ ಮುಟ್ಟದೆ ಕೆಳಗಿಳಿಯಿತು. ಗೋಲ್ ಕಂಬದ ಬಳಿ ಕಾದು ನಿಂತಿದ್ದ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಮೈದಾನ ಓಡಿ ಕೊನೆಯ ಗೆರೆ ದಾಟಿ ಆರು ಪಾಯಿಂಟಿನ ಟಚ್‌ಡೌನ್ ಮಾಡಿಯೇಬಿಟ್ಟ. 34–28. ಫೀಲ್ಡ್ ಗೋಲ್ ಹೊತ್ತಿನಲ್ಲಿ ಕಣಕ್ಕಿಳಿಸುವುದು ಗೋಡೆಯಂತೆ ನಿಲ್ಲುವ ದಢೂತಿ ಆಟಗಾರರನ್ನು. ಚಿರತೆಯಂತೆ ಓಡುವವನನ್ನು ಅಟ್ಟಿಸಿಕೊಂಡು ಹೋಗುವುದು ಅವರಿಂದಾಗುವ ಮಾತಲ್ಲ. ಕೇಳಿ ಪಡೆದ ಸೆಕೆಂಡೇ ಕೇಳಿದವರ ಕೊರಳಿಗೆ ಬಿತ್ತು.

ಆರು ವರ್ಷ ಬಿಟ್ಟು, ಅದೇ ಊರು, ಅದೇ ಜೋಡಿ, ತಾರೀಖೂ ಅದೇ ನವೆಂಬರ್ 30. ಮೊದಲರ್ಧ ಮುಗಿಯಿತೆಂದು ಗಡಿಯಾರ ಹೇಳಿತು. ರಿಪ್ಲೇ ಮತ್ತೆ ಒಂದು ಸೆಕೆಂಡ್ ವಾಪಸ್ ಹಾಕಿತು, ಈ ಸಲ ಆಬರ್ನ್‌ಗೆ. ಅವರು 52 ಗಜದಿಂದ ಒದ್ದು ಮೂರು ಪಾಯಿಂಟ್ ತೆಗೆದುಕೊಂಡರು. ಪಂದ್ಯ ಮುಗಿದಾಗ ಆಬರ್ನ್ 48, ಅಲಬಾಮಾ 45. ಅಂತರ ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ. ಇನ್ನೂ ಹಿಂದೆ, 2009ರಲ್ಲಿ ಬಿಗ್ 12 ಎಂಬ ಕಾನ್ಫರೆನ್ಸ್‌ನ, ಅಂದರೆ ಕಾಲೇಜುಗಳ ಒಂದು ಲೀಗ್‌ನ, ಫೈನಲ್‌ನಲ್ಲಿ ಟೆಕ್ಸಸ್‌ಗೆ ಇದೇ ಒಂದು ಸೆಕೆಂಡ್ ಸಿಕ್ಕಿ, 46 ಗಜದ ಒದೆತದಿಂದ ನೆಬ್ರಾಸ್ಕಾ 13–12ರಲ್ಲಿ ಸೋತಿತ್ತು. ನೆಬ್ರಾಸ್ಕಾದವರ ಮುಂದೆ ಇವತ್ತಿಗೂ ಆ ಸೆಕೆಂಡಿನ ಮಾತೆತ್ತುವ ಹಾಗಿಲ್ಲ.

ಮೂರು ಸಲವೂ ರಿಪ್ಲೇ ಕೊಟ್ಟ ತೀರ್ಪು ಸರಿಯಾಗಿಯೇ ಇತ್ತು. ಗಡಿಯಾರ ಮತ್ತು ಗೆರೆ ಎರಡಕ್ಕೂ ಕ್ಯಾಮೆರಾ ನಂಬಿಕಸ್ಥ ಸಾಕ್ಷಿ. ಪಾದ ಗೆರೆಯ ಒಳಗಿತ್ತೇ, ಚೆಂಡು ಜಾರುವ ಮುನ್ನ ಮಂಡಿ ನೆಲಕ್ಕೆ ತಾಗಿತ್ತೇ, ಕ್ಯಾಚ್ ಪೂರ್ತಿಯಾಯಿತೇ ಎಂಬಂಥ ವಿಷಯಗಳಿಗೆ ಈ ಸೇವೆಗೆ ಐದಕ್ಕೆ ನಾಲ್ಕೂವರೆ ಧಾರಾಳವಾಗಿ ಕೊಡಬಹುದು. ಉಳಿದ ಅರ್ಧ ಯಾಕೆ ಕಡಿತವಾಯಿತು ಎಂದರೆ, ರಿಪ್ಲೇ ಕೋಣೆಯವರು ನಂಬಿ ಕೂರುವುದು ಟಿವಿ ವಾಹಿನಿಯ ಕ್ಯಾಮೆರಾಗಳನ್ನೇ. ರಾತ್ರಿಯ ದೊಡ್ಡ ಪಂದ್ಯಕ್ಕೆ ಮೂಲೆ ಕಂಬದೊಳಗೂ ಕ್ಯಾಮೆರಾ ಇರುತ್ತದೆ. ಮಧ್ಯಾಹ್ನದ ಸಣ್ಣ ಪಂದ್ಯಕ್ಕೆ ನಾಲ್ಕಾರು ಕೋನ ಸಿಕ್ಕರೆ ಪುಣ್ಯ. ಒಂದೇ ನಿಯಮ, ಆದರೆ ಸಾಕ್ಷಿ ಪಂದ್ಯಕ್ಕೊಂದು ಥರ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದರ ಒಳಗುಟ್ಟು ಬೇಗ ಹೊಳೆಯುತ್ತದೆ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಮೈದಾನಕ್ಕೆ ಎಂಟು ಜನ ಅಧಿಕಾರಿಗಳು ಇಳಿಯುತ್ತಾರೆ. ಬಿಳಿ ಟೋಪಿಯವರು ರೆಫ್ರಿ, ಮೈಕ್‌ನಲ್ಲಿ ಘೋಷಣೆ ಮಾಡುವುದು ಅವರೇ. ಮೇಲೆ ಕೋಣೆಯಲ್ಲಿ ರಿಪ್ಲೇ ಅಧಿಕಾರಿ. 2004ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಇದನ್ನು ಮೊದಲು ಪ್ರಯೋಗಕ್ಕೆ ತಂದಿತು, 2006ರ ಹೊತ್ತಿಗೆ ಎಲ್ಲೆಡೆ ನಿಯಮವಾಯಿತು. 2016ರಿಂದ ಎಸ್‌ಇಸಿ ಕಾನ್ಫರೆನ್ಸ್‌ನ ಎಲ್ಲ ಪಂದ್ಯಗಳ ರಿಪ್ಲೇಯಲ್ಲೂ ಬರ್ಮಿಂಗ್‌ಹ್ಯಾಮ್‌ನ ಕೇಂದ್ರ ಕೋಣೆ ಕೈಜೋಡಿಸುತ್ತದೆ. ಬರ್ಮಿಂಗ್‌ಹ್ಯಾಮ್ ಇರುವುದು ಅಲಬಾಮಾ ರಾಜ್ಯದಲ್ಲಿ, ಅಲಬಾಮಾ ವಿಶ್ವವಿದ್ಯಾಲಯದ ಟಸ್ಕಲೂಸಾದಿಂದ ಸುಮಾರು ಒಂದು ಗಂಟೆಯ ದಾರಿ. ಎಸ್‌ಇಸಿಯಲ್ಲೇ ಅಲಬಾಮಾಕ್ಕೆ ಎದುರಾಳಿಗಳಾದ ಟೆನೆಸಿಯವರೋ ಲೂಯಿಸಿಯಾನದವರೋ ಇದನ್ನು ಎತ್ತಿ ಆಡುವುದನ್ನು ಬಿಟ್ಟಾರೆಯೇ!

ಮೈದಾನದ ತೀರ್ಪು ಬದಲಾಗಬೇಕಾದರೆ ಚಿತ್ರದಲ್ಲಿ ಅಲ್ಲಗಳೆಯಲಾಗದ ಪುರಾವೆ ಬೇಕು. ಡಿಆರ್‌ಎಸ್‌ನ ಅಂಪೈರ್ಸ್ ಕಾಲ್ ಇದ್ದಂತೆಯೇ ಅಂದುಕೊಳ್ಳಿ. ಅನುಮಾನದ ಲಾಭ ಬ್ಯಾಟ್ಸ್‌ಮನ್‌ಗಲ್ಲ, ಮೊದಲ ತೀರ್ಪಿಗೆ. ವ್ಯತ್ಯಾಸ ಇಷ್ಟೇ: ಡಿಆರ್‌ಎಸ್‌ನಲ್ಲಿ ಅಂಪೈರ್ಸ್ ಕಾಲ್ ಆದರೆ ತಂಡದ ರಿವ್ಯೂ ಉಳಿಯುತ್ತದೆ. ಇಲ್ಲಿ ಕೋಚ್ ಸವಾಲು ಹಾಕಿ ತೀರ್ಪು ಹಾಗೇ ನಿಂತರೆ, ಆಟ ನಿಲ್ಲಿಸಿಕೊಳ್ಳಲು ತಂಡಕ್ಕಿರುವ ಒಂದು ಟೈಮ್‌ಔಟ್ ಹೋಗುತ್ತದೆ. ಟೈಮ್‌ಔಟ್ ಕೈಯಲ್ಲಿಲ್ಲದಿದ್ದರೆ ಸವಾಲೂ ಇಲ್ಲ. ಮೊದಲನೆಯದು ಗೆದ್ದರೆ ಇನ್ನೊಂದು ಸಿಗುತ್ತದೆ, ಅಲ್ಲಿಗೆ ಮುಗಿಯಿತು.

ಹಾಗಾಗಿ ಟಿವಿ ಮುಂದೆ ಕೂತವರು ಸ್ಲೋ ಮೋಷನ್‌ಗೆ ಕಣ್ಣು ನೆಡುವ ಮುನ್ನ ಮೊದಲ ತೀರ್ಪು ಏನಿತ್ತೆಂದು ನೆನಪಿಟ್ಟುಕೊಳ್ಳಬೇಕು. ಅರ್ಧಕ್ಕರ್ಧ ಜಗಳ ಹುಟ್ಟುವುದು ಅದನ್ನು ಮರೆತಾಗಲೇ. ಎರಡನೆಯದು, ಈ ವಿಷಯ ರಿಪ್ಲೇ ವ್ಯಾಪ್ತಿಗೆ ಬರುತ್ತದೆಯೇ ಎಂಬುದು. ಎದುರಾಳಿಯ ಅಂಗಿ ಹಿಡಿದೆಳೆಯುವ ಹೋಲ್ಡಿಂಗ್, ಪಾಸ್ ಹಿಡಿಯುವವನಿಗೆ ಅಡ್ಡಿ ಮಾಡುವ ಪಾಸ್ ಇಂಟರ್‌ಫಿಯರೆನ್ಸ್ ಇವೆರಡೂ ವ್ಯಾಪ್ತಿಯಿಂದ ಹೊರಗೆ. ಪಂದ್ಯವನ್ನು ಅತಿ ಹೆಚ್ಚು ತಿರುಗಿಸುವ ತೀರ್ಪುಗಳೇ ಇವು. ಅಂಗಡಿ ದೊಡ್ಡದು, ಹೆಚ್ಚು ಖರ್ಚಾಗುವ ಸಾಮಾನು ಮಾತ್ರ ಇಲ್ಲ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ 2024ರ ಅಕ್ಟೋಬರ್ 19ರಂದು ಆಸ್ಟಿನ್‌ನಲ್ಲಿ ನಡೆದ ಟೆಕ್ಸಸ್–ಜಾರ್ಜಿಯಾ ಪಂದ್ಯ ನೋಡಿ. ಟೆಕ್ಸಸ್‌ಗೆ ಎಸ್‌ಇಸಿಯಲ್ಲಿ ಅದು ಮೊದಲ ವರ್ಷ. ಮೂರನೇ ಕ್ವಾರ್ಟರ್‌ನಲ್ಲಿ ಟೆಕ್ಸಸ್ ಆಟಗಾರ ಜಾರ್ಜಿಯಾದ ಪಾಸ್ ಕಸಿದು ಓಡಿದ, ತಪ್ಪು ಸೂಚಿಸುವ ಹಳದಿ ಫ್ಲ್ಯಾಗ್ ಬಿತ್ತು, ಪಾಸ್ ಇಂಟರ್‌ಫಿಯರೆನ್ಸ್ ಎಂದರು. ವಿದ್ಯಾರ್ಥಿಗಳ ಗ್ಯಾಲರಿಯಿಂದ ನೀರಿನ ಬಾಟಲಿಗಳು ಮೈದಾನಕ್ಕೆ ತೂರಿಬಂದವು. ಕಸ ಹೆಕ್ಕುವಷ್ಟು ಹೊತ್ತು ಆಟ ನಿಂತಿತು. ಅಧಿಕಾರಿಗಳು ಗುಂಪುಗೂಡಿ ಮಾತಾಡಿ ಫ್ಲ್ಯಾಗ್ ವಾಪಸ್ ತೆಗೆದರು. ಇಂಟರ್‌ಫಿಯರೆನ್ಸ್ ರಿಪ್ಲೇಗೆ ಬರುವುದಿಲ್ಲ, ಆದರೆ ತಮ್ಮತಮ್ಮಲ್ಲಿ ಚರ್ಚಿಸಿ ಫ್ಲ್ಯಾಗ್ ತೆಗೆಯಲು ನಿಯಮದಲ್ಲಿ ಅವಕಾಶವಿದೆ. ಮೊದಲ ತೀರ್ಪು ತಪ್ಪಾಗಿತ್ತು, ಬದಲಿಸಿದ್ದು ಸರಿ. ಆದರೆ ಬದಲಾಗಿದ್ದು ಬಾಟಲಿ ಬಿದ್ದ ಮೇಲೆ! ಮುಂದಿನ ಸಲ ಯಾವ ಗ್ಯಾಲರಿ ತಾನೇ ಕೈಕಟ್ಟಿ ಕೂರುತ್ತದೆ? ಟೆಕ್ಸಸ್‌ಗೆ ಎಸ್‌ಇಸಿ 2,50,000 ಡಾಲರ್ ದಂಡ ಹಾಕಿತು. ಪಂದ್ಯವನ್ನು ಜಾರ್ಜಿಯಾವೇ 30–15ರಲ್ಲಿ ಗೆದ್ದಿದ್ದರಿಂದ ಬೆಂಕಿ ಅಲ್ಲಿಗೇ ಆರಿತು.

ಈ ಸೇವೆಯ ಅತಿ ದುರ್ಬಲ ಜಾಗ ಸ್ಪಾಟ್, ಅಂದರೆ ಓಟಗಾರ ಬಿದ್ದಾಗ ಚೆಂಡು ಎಲ್ಲಿತ್ತು ಎಂದು ಗುರುತಿಸುವುದು. ಬದಿಯಲ್ಲಿರುವ ಅಧಿಕಾರಿ ಓಡಿಬಂದು ಅಂದಾಜಿನಲ್ಲಿ ಪಾದ ಊರಿ ಜಾಗ ತೋರಿಸುತ್ತಾರೆ. ಆಮೇಲೆ ಹತ್ತು ಗಜದ ಸರಪಳಿ ಎಳೆದು ಇಂಚಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅಂದಾಜಿನ ಮೇಲೆ ಇಂಚಿನ ಅಳತೆ! ರಿಪ್ಲೇಗೆ ಹೋದರೂ ಕ್ಯಾಮೆರಾ ಸರಿಯಾಗಿ ಗೆರೆಯ ನೇರಕ್ಕೆ ಇಲ್ಲದಿದ್ದರೆ ಚೆಂಡು ಒಂದು ಕೋನದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಕಾಣುತ್ತದೆ. ಮೇಲೆ ಐದಾರು ಜನ ಬಿದ್ದಿರುವಾಗ ಚೆಂಡು ಕಾಣುವುದೇ ಇಲ್ಲ. ಕಂಡರೂ ಮಂಡಿ ನೆಲ ಮುಟ್ಟಿದ ಕ್ಷಣ ಒಂದು ಚಿತ್ರದಲ್ಲಿ, ಚೆಂಡಿನ ಜಾಗ ಮತ್ತೊಂದರಲ್ಲಿ.

ಒಹಾಯೊ ಸ್ಟೇಟ್–ಮಿಷಿಗನ್ ಹಗೆ 1897ರಷ್ಟು ಹಳೆಯದು. 2016ರ ಪಂದ್ಯ ಕೊಲಂಬಸ್‌ನಲ್ಲಿ ಎರಡನೇ ಓವರ್‌ಟೈಮ್‌ಗೆ ಹೋದಾಗ ಮಿಷಿಗನ್ 27–24 ಮುಂದಿತ್ತು. ಒಹಾಯೊಗೆ ನಾಲ್ಕನೇ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಅವಕಾಶಗಳಲ್ಲಿ ಕೊನೆಯದು), ಬೇಕಾಗಿದ್ದು ಒಂದು ಗಜ. ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ತನ್ನದೇ ತಂಡದವನ ಬೆನ್ನಿಗೆ ಗುದ್ದಿಕೊಂಡು ಗೆರೆಯ ಹತ್ತಿರ ಬಿದ್ದ. ಸಿಕ್ಕಿತು ಎಂದರು ಅಧಿಕಾರಿಗಳು. ರಿಪ್ಲೇ ನೋಡಿಯೂ ತೀರ್ಪು ನಿಂತಿತು. ಅದರ ಮುಂದಿನ ಆಟದಲ್ಲೇ ಒಹಾಯೊಗೆ ಟಚ್‌ಡೌನ್, 30–27. ತೀರ್ಪುಗಾರರ ಮೇಲೆ ಹರಿಹಾಯ್ದ ಕೋಚ್ ಜಿಮ್ ಹಾರ್‌ಬಾ ಮಾತಿಗೆ ಮಿಷಿಗನ್ 10,000 ಡಾಲರ್ ದಂಡ ತೆತ್ತಿತು. ಅಂದು ಮೈದಾನದ ಅಧಿಕಾರಿ ಸಿಗಲಿಲ್ಲ ಎಂದಿದ್ದರೆ, ಅದೇ ಚಿತ್ರ ನೋಡಿ ಆ ತೀರ್ಪನ್ನೂ ರಿಪ್ಲೇ ಹಾಗೇ ಬಿಡುತ್ತಿತ್ತು. ನಾವು ಸ್ಪಾಟ್‌ಗೆ ಎರಡಕ್ಕಿಂತ ಹೆಚ್ಚು ಕೊಡದಿರುವುದು ಇದಕ್ಕೇ.

ಟಾರ್ಗೆಟಿಂಗ್ ಬಗ್ಗೆ ಅಷ್ಟು ಸಿಟ್ಟಿಲ್ಲ. ಹೆಲ್ಮೆಟ್‌ನ ನೆತ್ತಿಯಿಂದ ಗುದ್ದುವುದು, ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವವನ ತಲೆ-ಕುತ್ತಿಗೆಗೆ ಹೊಡೆಯುವುದು ಈ ತಪ್ಪು. 15 ಗಜದ ದಂಡದ ಜೊತೆ ಆಟಗಾರನನ್ನು ಹೊರಗೂ ಹಾಕುವುದು 2013ರಲ್ಲಿ ಶುರುವಾಯಿತು. ಆ ಮೊದಲ ವರ್ಷದ ನಿಯಮ ನೆನೆಸಿಕೊಂಡರೆ ಈಗ ನಗು ಬರುತ್ತದೆ: ರಿಪ್ಲೇಯಲ್ಲಿ ಆಟಗಾರ ತಪ್ಪು ಮಾಡಿಲ್ಲ ಎಂದು ಗೊತ್ತಾದರೆ ಅವನನ್ನು ಒಳಗೆ ಬಿಡುತ್ತಿದ್ದರು, 15 ಗಜ ಮಾತ್ರ ವಸೂಲಿ! ಮರುವರ್ಷ ತಿದ್ದಿದರು. 2019ರಿಂದ ಪುರಾವೆ ಪೂರ್ತಿ ಇದ್ದರಷ್ಟೇ ಟಾರ್ಗೆಟಿಂಗ್, ಇಲ್ಲದಿದ್ದರೆ ರದ್ದು. ಈ ಒಂದು ವಿಷಯದಲ್ಲಿ ಅನುಮಾನದ ಲಾಭ ಆಟಗಾರನಿಗೆ ಹೋಗುತ್ತದೆ. ಮೂರೂವರೆ ಅಂಕ.

ಈಗ ಅಸಲು ದೂರು. 2024ರವರೆಗೆ ರೆಫ್ರಿ ಮೈಕ್‌ನಲ್ಲಿ ಮೂರು ಬಗೆಯ ಉತ್ತರ ಕೊಡುತ್ತಿದ್ದರು. ಕನ್ಫರ್ಮ್ಡ್ ಎಂದರೆ ಚಿತ್ರದಲ್ಲೂ ಸರಿ ಎಂದು ಕಂಡಿದೆ. ಸ್ಟ್ಯಾಂಡ್ಸ್ ಎಂದರೆ ಚಿತ್ರದಿಂದ ಖಚಿತವಾಗಲಿಲ್ಲ, ಹಾಗಾಗಿ ಮೊದಲಿನದೇ ಇರಲಿ. ಓವರ್‌ಟರ್ನ್ಡ್ ಎಂದರೆ ಬದಲು. 2025ರಲ್ಲಿ ಮೊದಲ ಎರಡನ್ನೂ ಕಲಸಿ ಅಪ್‌ಹೆಲ್ಡ್ ಎಂಬ ಒಂದೇ ಮಾತು ಮಾಡಿದರು. ಸರಳವಾಯಿತು ನಿಜ, ಆದರೆ ಹೋಟೆಲಿನವನು ತಿಂಡಿ, ಕಾಫಿ ಬೇರೆಬೇರೆ ಬರೆಯದೆ ಒಟ್ಟು ಮೊತ್ತ ಮಾತ್ರ ಹೇಳಿದ ಹಾಗಾಯಿತು. ಬ್ಯಾರೆಟ್ ಸ್ಪಾಟ್‌ನಂಥದ್ದು ಮತ್ತೆ ಬಂದರೆ, ಅವರಿಗೆ ಕಂಡಿತೋ ಕಾಣಲಿಲ್ಲವೋ ಎಂಬುದೇ ನೋಡುಗನಿಗೆ ತಿಳಿಯುವುದಿಲ್ಲ. ಜಿದ್ದಾಜಿದ್ದಿಯ ಪಂದ್ಯದಲ್ಲಿ ಜನ ತಪ್ಪನ್ನು ಹೇಗೋ ನುಂಗಿಕೊಳ್ಳುತ್ತಾರೆ, ಮುಚ್ಚಿಟ್ಟದ್ದನ್ನು ನುಂಗುವುದಿಲ್ಲ.

ಅದೇ 2025ರಲ್ಲಿ ಎಸಿಸಿ ಕಾನ್ಫರೆನ್ಸ್ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಯಿತು. ಆಯ್ದ ಪಂದ್ಯಗಳಲ್ಲಿ ರಿಪ್ಲೇ ಕೋಣೆಯ ಮಾತುಕತೆಯನ್ನು ಟಿವಿಯಲ್ಲಿ ನೇರವಾಗಿ ಕೇಳಿಸತೊಡಗಿತು. ಇಡೀ ಕಾಲೇಜ್ ಫುಟ್‌ಬಾಲ್‌ನಲ್ಲಿ ಇತ್ತೀಚೆಗೆ ಬಂದ ಅತ್ಯುತ್ತಮ ಸುಧಾರಣೆ ಇದೇ ಎಂದು ನಮ್ಮ ಅಭಿಪ್ರಾಯ. ಉಳಿದವರೂ ಮಾಡುವವರೆಗೆ ಬಿಲ್ ಕೊಡುವ ವಿಷಯಕ್ಕೆ ಒಂದೂವರೆ, ಎಸಿಸಿಗೆ ಮಾತ್ರ ನಾಲ್ಕು.

ಸಾಮಾನು ಕೆಟ್ಟರೆ ವಾಪಸ್ ಉಂಟೇ? ಇಲ್ಲ. 2015ರಲ್ಲಿ ಡ್ಯೂಕ್ ವಿರುದ್ಧ ಮಯಾಮಿ, ಪಾಯಿಂಟ್ ಗಳಿಸಿದವರು ಎದುರಾಳಿಗೆ ಚೆಂಡು ಒದ್ದುಕೊಡುವ ಕೊನೆಯ ಕಿಕ್‌ಆಫ್‌ನಲ್ಲಿ ಎಂಟು ಸಲ ಚೆಂಡು ಕೈ ಬದಲಿಸಿ 75 ಗಜ ಓಡಿ 30–27 ಗೆದ್ದಿತು. ನಡುವೆ ಒಬ್ಬನ ಮಂಡಿ ನೆಲಕ್ಕೆ ತಾಗಿತ್ತು, ನಿಮಿಷಗಟ್ಟಲೆ ರಿಪ್ಲೇ ನೋಡಿಯೂ ಅದು ತಪ್ಪಿಹೋಯಿತು. ಎಸಿಸಿ ಆ ಅಧಿಕಾರಿಗಳನ್ನು ಎರಡು ಪಂದ್ಯ ಹೊರಗಿಟ್ಟಿತು, ಫಲಿತಾಂಶ ಹಾಗೇ ಉಳಿಯಿತು. 2006ರಲ್ಲಿ ಓಕ್ಲಹೋಮಾ ವಿರುದ್ಧ ಆರೆಗಾನ್ 34–33 ಗೆದ್ದಾಗಲೂ ಇದೇ ಕಥೆ: ಚೆಂಡನ್ನು ತಾವೇ ಮತ್ತೆ ಹಿಡಿಯಲೆಂದು ಗಿಡ್ಡಕ್ಕೆ ಒದ್ದ ಆನ್‌ಸೈಡ್ ಕಿಕ್ ಹತ್ತು ಗಜ ಹೋಗುವ ಮೊದಲೇ ಆರೆಗಾನ್‌ನವನು ಮುಟ್ಟಿದ್ದ, ಚೆಂಡು ಕೊನೆಗೆ ಸಿಕ್ಕಿದ್ದೂ ಓಕ್ಲಹೋಮಾಕ್ಕೆ. ಎರಡೂ ರಿಪ್ಲೇ ನೋಡಿದವರಿಗೆ ಕಾಣಲಿಲ್ಲ. ಅಧಿಕಾರಿಗಳಿಗೆ ಒಂದು ಪಂದ್ಯದ ಅಮಾನತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇಂಥದ್ದಕ್ಕೇ. ಗೆಲುವನ್ನು ವಾಪಸ್ ಕೊಟ್ಟ ಉದಾಹರಣೆ ಬೇಕಾದರೆ 1940ಕ್ಕೆ ಹೋಗಬೇಕು. ಲೆಕ್ಕ ತಪ್ಪಿ ಐದನೇ ಡೌನ್ ಸಿಕ್ಕಿದ್ದರಿಂದ ಡಾರ್ಟ್‌ಮತ್ ಮೇಲೆ 7–3 ಗೆದ್ದಿದ್ದ ಕಾರ್ನೆಲ್, ಆಮೇಲೆ ಫಿಲ್ಮ್ ನೋಡಿ, ತಾನೇ ಟೆಲಿಗ್ರಾಂ ಕಳಿಸಿ ಗೆಲುವು ಬಿಟ್ಟುಕೊಟ್ಟಿತು. ಐವತ್ತು ವರ್ಷದ ನಂತರ ಕೊಲರಾಡೊಗೂ ಮಿಸೂರಿ ವಿರುದ್ಧ ಐದನೇ ಡೌನ್ ಸಿಕ್ಕಿತು. 33–31. ಅವರು ಟೆಲಿಗ್ರಾಂ ಕಳಿಸಲಿಲ್ಲ, ಆ ವರ್ಷದ ರಾಷ್ಟ್ರೀಯ ಪಟ್ಟವನ್ನು ಹಂಚಿಕೊಂಡರು.

ಹೊಸದಾಗಿ ನೋಡುವವರಿಗೆ ಒಂದಿಷ್ಟು: ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ನೋಡಿ ಅಭ್ಯಾಸವಿದ್ದರೆ ಇಲ್ಲಿ ಮೋಸ ಹೋಗುತ್ತೀರಿ. ಕಾಲೇಜಿನಲ್ಲಿ ಕ್ಯಾಚ್‌ಗೆ ಒಂದು ಪಾದ ಒಳಗಿದ್ದರೆ ಸಾಕು. ಯಾರೂ ಮುಟ್ಟದಿದ್ದರೂ ಮಂಡಿ ತಾಗಿದರೆ ಓಟ ಮುಗಿಯಿತು. ಪಾಸ್ ಇಂಟರ್‌ಫಿಯರೆನ್ಸ್‌ಗೆ ಹೆಚ್ಚೆಂದರೆ 15 ಗಜ, ಹಾಗಾಗಿ ಉದ್ದನೆಯ ಪಾಸ್‌ನಲ್ಲಿ ಸೋತ ರಕ್ಷಕ ಬೇಕೆಂದೇ ಹಿಡಿದೆಳೆಯುವುದುಂಟು. ಗಡಿಯಾರ ಓಡುತ್ತಿರುವಾಗ ಚೆಂಡನ್ನು ನೆಲಕ್ಕೆ ಹೊಡೆದು ನಿಲ್ಲಿಸಲು ಕನಿಷ್ಠ ಮೂರು ಸೆಕೆಂಡ್ ಇರಬೇಕು. ಎರಡಿದ್ದರೆ ಆಟವನ್ನೇ ಆಡಬೇಕು. ಊರಿನಿಂದ ನೋಡುವವರಿಗೆ ನವೆಂಬರ್ ಕೊನೆಯಲ್ಲಿ ಪೂರ್ವ ಅಮೆರಿಕದ ಮಧ್ಯಾಹ್ನ 12ರ ಪಂದ್ಯ ನಮ್ಮ ರಾತ್ರಿ 10:30ಕ್ಕೆ, 3:30ರದ್ದು ಬೆಳಗಿನ ಜಾವ 2ಕ್ಕೆ. ಮೂರೂವರೆ ಗಂಟೆಯ ಹತ್ತಿರ ಬೇಕು, ಫ್ಲಾಸ್ಕ್‌ನಲ್ಲಿ ಕಾಫಿ ಇಟ್ಟುಕೊಳ್ಳಿ.

ಬೇ ಏರಿಯಾದ ಕನ್ನಡಿಗರಿಗಂತೂ ಹಗೆ ಮನೆಬಾಗಿಲಲ್ಲೇ ಇದೆ, ಕ್ಯಾಲ್ (ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ)–ಸ್ಟ್ಯಾನ್‌ಫರ್ಡ್. 1982ರ ನವೆಂಬರ್ 20ರಂದು ಬರ್ಕ್ಲಿಯಲ್ಲಿ ನಾಲ್ಕು ಸೆಕೆಂಡ್ ಉಳಿದಿದ್ದಾಗ ಸ್ಟ್ಯಾನ್‌ಫರ್ಡ್ 20–19 ಮುಂದಿತ್ತು. ಕಿಕ್‌ಆಫ್ ಹಿಡಿದ ಕ್ಯಾಲ್ ಐದು ಸಲ ಚೆಂಡು ಕೈ ಬದಲಿಸಿತು. ಗೆದ್ದೆವೆಂದು ಮೈದಾನಕ್ಕೆ ನುಗ್ಗಿದ್ದ ಸ್ಟ್ಯಾನ್‌ಫರ್ಡ್ ಬ್ಯಾಂಡ್‌ನ ನಡುವೆಯೇ ಓಡಿ ಟ್ರೊಂಬೋನ್ ಹಿಡಿದವನಿಗೆ ಡಿಕ್ಕಿ ಹೊಡೆದು ಟಚ್‌ಡೌನ್ ಮಾಡಿತು. 25–20. ಒಬ್ಬನ ಮಂಡಿ ತಾಗಿತ್ತೇ ಎಂಬ ವಾದ ಇಂದಿಗೂ ಉಂಟು, ಅಂದು ನೋಡಲು ರಿಪ್ಲೇ ಇರಲಿಲ್ಲ. ಈ ಪಂದ್ಯದ ಟ್ರೋಫಿ ಒಂದು ಕೊಡಲಿ, ಹಲಗೆಯ ಮೇಲೆ ವರ್ಷವರ್ಷದ ಸ್ಕೋರ್. ಕೊಡಲಿ ಕ್ಯಾಲ್ ಕೈಯಲ್ಲಿದ್ದಾಗ 1982ರ ಸಾಲಿನಲ್ಲಿ 25–20 ಎಂದಿರುತ್ತದೆ. ಸ್ಟ್ಯಾನ್‌ಫರ್ಡ್‌ಗೆ ಹೋದ ಕೂಡಲೇ ಅವರು ಅದನ್ನು 20–19 ಮಾಡಿಟ್ಟುಕೊಳ್ಳುತ್ತಾರೆ.