ಮೆರಿನೋ ಉಣ್ಣೆಯ ಒಳಅಂಗಿ: ಚಿಕ್ಕಮಗಳೂರಿನ ಚಳಿಯಲ್ಲಿ ಮೂರನೇ ವರ್ಷ

ಓಡುವವರಿಗೆ, ಬೆಟ್ಟ ಹತ್ತುವವರಿಗೆ ಅಂತ ಮಾರುವ ತುಂಬುತೋಳಿನ ಉಣ್ಣೆ ಒಳಅಂಗಿ ಇದು. ಮೆರಿನೋ ಅಂದರೆ ನವಿರಾದ ಉಣ್ಣೆ ಕೊಡುವ ಒಂದು ಕುರಿ ತಳಿ. ಆನ್‌ಲೈನ್‌ನಲ್ಲಿ 3,400 ರೂಪಾಯಿ ಕೊಟ್ಟು ತರಿಸಿದೆ. ಪಿಂಚಣಿಯಲ್ಲಿ ಮನೆ ನಡೆಸುವವರಿಗೆ ಒಂದು ಬನಿಯನ್ನಿಗೆ ಇಷ್ಟು ದುಡ್ಡು ಸಣ್ಣ ಮಾತಲ್ಲ. ಹಾಗಾಗಿ ತಗೊಂಡ ಹೊಸದರಲ್ಲಿ ಬರೆಯದೆ, ಚೆನ್ನಾಗಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಎಳೆ ಎಷ್ಟು ಮೈಕ್ರಾನ್ ದಪ್ಪ, ಬಟ್ಟೆ ಎಷ್ಟು ಗ್ರಾಂ ತೂಕ ಅನ್ನುವ ಲೆಕ್ಕವೆಲ್ಲ ಮಾರುವವರ ಪುಟದಲ್ಲೇ ಇದೆ.

ನನಗೆ ಈಗ 64. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರ ಆಫೀಸಿನಲ್ಲಿ ಲೆಕ್ಕ ಬರೆದು ರಿಟೈರ್ ಆದವಳು. ವಾರದ ದಿನಗಳಲ್ಲಿ ಸಣ್ಣ ಓಟ, ಭಾನುವಾರ ಮುಳ್ಳಯ್ಯನಗಿರಿ ದಾರಿಯಲ್ಲಿರುವ ಕೈಮರ ಅನ್ನುವ ಊರಿನ ರಸ್ತೆಯಲ್ಲಿ ದೊಡ್ಡ ಓಟ. ನಮ್ಮೂರಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ 14–15 ಡಿಗ್ರಿ ಇರುತ್ತದೆ, ಕೆಲವು ದಿನ ಇನ್ನೂ ಕಡಿಮೆ. ಹೊರಡುವಾಗಿನ ಚಳಿ ನನಗೆ ಯಾವತ್ತೂ ಕಷ್ಟ ಕೊಟ್ಟಿಲ್ಲ. ಕಷ್ಟವಿದ್ದದ್ದು ವಾಪಸ್ ಬರುವಾಗ.

ಕೈಮರದ ಕಡೆ ಹೋಗುವಾಗ ಏರು. ಮೈ ಕಾದು ಬೆನ್ನೆಲ್ಲ ಒದ್ದೆಯಾಗುತ್ತದೆ. ತಿರುಗಿದ ಮೇಲೆ ಇಳಿಜಾರು. ಮೈಗೆ ಕೆಲಸ ಕಡಿಮೆ, ಶಾಖವೂ ಕಡಿಮೆ, ಆದರೆ ವೇಗ ಜಾಸ್ತಿ. ಮಂಜಿನ ಗಾಳಿ ನೇರವಾಗಿ ಒದ್ದೆ ಬಟ್ಟೆಗೆ ಬಡಿಯುತ್ತದೆ. ಕಾಟನ್ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಮನೆ ಸೇರುವಷ್ಟರಲ್ಲಿ ಹೆಗಲು ಸೆಟೆದುಕೊಂಡು, ಆಮೇಲೆ ನಾಲ್ಕು ದಿನ ಕೆಮ್ಮು. ನಲವತ್ತರಲ್ಲಿ ಇದೆಲ್ಲ ಗೊತ್ತೇ ಆಗುತ್ತಿರಲಿಲ್ಲ. ಅರವತ್ತು ದಾಟಿದ ಮೈ ಒಮ್ಮೆ ತಣ್ಣಗಾದರೆ ಬೇಗ ಬಿಸಿಯಾಗುವುದಿಲ್ಲ. ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿಯೂ ಏರುತ್ತದೆ. ಮಾತ್ರೆ ತಗೊಳ್ಳುವ ನನ್ನಂಥವರು ಇದನ್ನು ಹಗುರವಾಗಿ ನೋಡುವ ಹಾಗಿಲ್ಲ.

ಈ ಅಂಗಿ ಹಾಕಿ ಓಡಿದ ಮೊದಲ ಭಾನುವಾರ ಕೈಮರದಲ್ಲಿ ನಿಂತು ಟೀ ಕುಡಿದೆ. ಹಿಂದೆಲ್ಲ ಅಲ್ಲಿ ನಿಲ್ಲುವ ಧೈರ್ಯವೇ ಇರಲಿಲ್ಲ, ನಿಂತರೆ ನಡುಕ. ಅವತ್ತು ಕತ್ತಿನಿಂದ ಕೈ ಹಾಕಿ ಬೆನ್ನು ಮುಟ್ಟಿ ನೋಡಿಕೊಂಡೆ. ಬಟ್ಟೆ ಒದ್ದೆ, ಆದರೆ ಬೆನ್ನು ಬೆಚ್ಚಗೆ. ಟೀ ಮುಗಿಸಿ, ಇನ್ನೂ ಐದು ನಿಮಿಷ ಸುಮ್ನೆ ನಿಂತು, ಆರಾಮವಾಗಿ ಇಳಿದು ಬಂದೆ. ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಬಂದು ನಮ್ಮನೆಯವರ ಕೈ ಹಿಡಿದು ಬೆನ್ನು ಮುಟ್ಟಿಸಿದೆ.

ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಒಳಗೆ ಎಳೆದುಕೊಂಡರೂ ಚರ್ಮಕ್ಕೆ ಒದ್ದೆ ಅನಿಸುವುದಿಲ್ಲ. ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಲೆನಾಡಿನವರಿಗೆ ಇದೇನು ಹೊಸದಲ್ಲ, ಅಲ್ವಾ? ಕಂಬಳಿ ಕೊಪ್ಪೆ ಹಾಕಿ ಮಳೆಯಲ್ಲಿ ಗದ್ದೆ ಕೆಲಸ ಮಾಡಿದವರ ಊರು ಇದು. ಮೇಲೆ ನೀರು ಸುರಿಯುತ್ತಿದ್ದರೂ ಒಳಗೆ ಬೆಚ್ಚಗೆ. ಮೆರಿನೋ ಎಳೆ ಕಂಬಳಿಯ ಎಳೆಗಿಂತ ತುಂಬಾ ಸಣ್ಣ, ಹಾಗಾಗಿ ಚುಚ್ಚುವುದಿಲ್ಲ.

ಈಗ ಬೆಳಗಿನ ಕ್ರಮವೇ ಬದಲಾಗಿದೆ. ಐದಕ್ಕೆ ಎದ್ದು ಮೊದಲು ಬಚ್ಚಲ ಒಲೆಗೆ ಬೆಂಕಿ. ಕಾಫಿ ಗಿಡದ ಒಣ ಸೌದೆ ಬೇಗ ಹಿಡಿಯುತ್ತದೆ. ಹಂಡೆಯ ನೀರು ಉಗುರು ಬೆಚ್ಚಗಾದಾಗ ಅಂಗಿಯನ್ನು ಮಡಿಸಿ ಹಂಡೆಯ ಮುಚ್ಚಳದ ಮೇಲೆ ಇಡುತ್ತೇನೆ. ಒಂದು ಲೋಟ ಬಿಸಿನೀರು ಕುಡಿಯುತ್ತೇನೆ. ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ವಯಸ್ಸಾದಂತೆ ಇನ್ನೂ ಕಡಿಮೆ, ಅದಕ್ಕೇ ನೆನಪಿಟ್ಟು ಕುಡಿಯಬೇಕು. ಆಮೇಲೆ ಅಂಗಿ ತಿರುವಿ ಇನ್ನೊಂದು ಮಗ್ಗುಲು. ಆ ಬಿಸಿ ಅಂಗಿಯಲ್ಲಿ ತಲೆ ತೂರಿಸುವ ಗಳಿಗೆಗಾಗಿಯೇ ಎದ್ದು ಹೊರಟ ದಿನಗಳಿವೆ. ಮಂಡಿ, ಸೊಂಟ ಸಡಿಲವಾಗುವವರೆಗೆ ಜಗಲಿಯಲ್ಲೇ ನಡೆದಾಡಿ ಹೊರಡುತ್ತೇನೆ. ಆ ಕಡೆ ಆನೆ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದರೆ ಮಾತ್ರ ಜಿಲ್ಲಾ ಮೈದಾನದಲ್ಲೇ ಸುತ್ತು.

ಇನ್ನೊಂದು ಲಾಭ, ವಾಸನೆ ಬರುವುದಿಲ್ಲ. ಪಾಲಿಯೆಸ್ಟರ್ ಟೀ ಶರ್ಟನ್ನು ದಿನವೂ ಒಗೆಯಲೇಬೇಕು. ಇದನ್ನು ಗಾಳಿಗೆ ಹರಡಿದರೆ ಮೂರು ಓಟಕ್ಕೆ ಬರುತ್ತದೆ. ಚಳಿಯಲ್ಲಿ ಕೈಯಲ್ಲಿ ಬಟ್ಟೆ ಒಗೆಯುವವರಿಗೆ ಇದರ ಬೆಲೆ ಗೊತ್ತು.

ಇನ್ನು ಬೇಜಾರಿನ ಮಾತು. ಮೊದಲ ಚಳಿಗಾಲ ಮುಗಿದಾಗ ಲೇಬಲ್‌ನಲ್ಲಿ ಹೇಳಿದ ಹಾಗೇ ಒಗೆದು, ನೆರಳಲ್ಲಿ ಒಣಗಿಸಿ, ಬೀರುವಿನಲ್ಲಿ ಇಟ್ಟಿದ್ದೆ. ಮಳೆಗಾಲ ಕಳೆದು ತೆಗೆದು ನೋಡಿದರೆ ಎಡ ಕಂಕುಳ ಕೆಳಗೆ ಮೂರು ತೂತು. ಹುಳ ತಿಂದಿತ್ತು. ಪಕ್ಕದ ಕಾಟನ್ ಸೀರೆಗಳಿಗೆ ಏನೂ ಆಗಿರಲಿಲ್ಲ. ಮಾರಿದವರಿಗೆ ಫೋಟೋ ಕಳಿಸಿದೆ. ಉಣ್ಣೆಗೆ ಇದು ಸಹಜ ಅಂತ ಒಂದೇ ಸಾಲಿನ ಉತ್ತರ ಬಂತು. ನನಗೆ ನಿಜಕ್ಕೂ ಸಿಟ್ಟು ಬಂತು. ಸಹಜವಾಗಿದ್ದರೆ ಡಬ್ಬಿಯ ಮೇಲೆ ಬರೆಯಬೇಕಲ್ಲವೇ? ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುವ ಊರಿಗೆ ಇಷ್ಟು ದುಬಾರಿ ಬಟ್ಟೆ ಕಳಿಸುವವರು, ಇಡುವುದು ಹೇಗೆ ಅಂತ ಎರಡು ಸಾಲು ಹೇಳಬೇಕು. ಬಣ್ಣದ್ದೂ ಇದೇ ಕಥೆ. ಹೆಂಗಸರ ಅಳತೆಯಲ್ಲಿ ಕಪ್ಪು, ಕಡು ಬೂದು ಎರಡೇ. ಕಾಫಿ ಕೊಯ್ಲಿನ ಕಾಲದಲ್ಲಿ ಮಂಜಿನೊಳಗೆ ಆಳುಗಳ ಜೀಪು, ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗರ ಕಾರು ಎಲ್ಲ ಅದೇ ರಸ್ತೆಯಲ್ಲಿ. ಮೇಲೊಂದು ಹೊಳೆಯುವ ಪಟ್ಟಿಯ ಜಾಕೆಟ್ ಇಲ್ಲದೆ ಇದನ್ನು ಹಾಕಿ ರಸ್ತೆಗೆ ಇಳಿಯಲೇಬೇಡಿ.

ತೂತಿಗೆ ಪೇಟೆಯ ಟೈಲರ್ ಹತ್ತಿರ ರಫೂ ಮಾಡಿಸಿದೆ. ಇಡುವ ಉಪಾಯ ಹೇಳಿದ್ದು ನಮ್ಮತ್ತೆ. ಅವರು ಕಂಬಳಿ ಇಡುತ್ತಿದ್ದ ಹಾಗೆ ಒಣಗಿದ ಲಕ್ಕಿ ಸೊಪ್ಪು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ಬಂದ ದಿನ ತೆಗೆದು ಹರಡುತ್ತೇನೆ. ಆಮೇಲೆ ಹುಳ ಬಿದ್ದಿಲ್ಲ.

ಬಟ್ಟೆಯಿಂದ ಯಾರೂ ಓಟಗಾರರಾಗುವುದಿಲ್ಲ, ಅದು ನನಗೂ ಗೊತ್ತು. ಕೆನಡಾದ ಎಡ್ ವಿಟ್‌ಲಾಕ್ 2003ರಲ್ಲಿ, 72ನೇ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ಗಂಟೆ 59 ನಿಮಿಷ 10 ಸೆಕೆಂಡಿನಲ್ಲಿ ಮುಗಿಸಿದರು. ಎಪ್ಪತ್ತು ದಾಟಿದವರಲ್ಲಿ ಮೂರು ಗಂಟೆಯೊಳಗೆ ಓಡಿದ ಮೊದಲಿಗರು ಅವರೇ. ಅಭ್ಯಾಸ ಮಾಡಿದ್ದು ಮನೆ ಹತ್ತಿರದ ಸ್ಮಶಾನದಲ್ಲಿ ಸುತ್ತು ಹಾಕುತ್ತಾ, ಹಳೆಯ ಶೂ ಹಾಕಿಕೊಂಡು. ಆದರೆ ಅವರು ಬಿಡದೆ ಓಡಿದರು. ನಮ್ಮ ವಯಸ್ಸಿನಲ್ಲಿ ಎರಡು ತಿಂಗಳು ಬಿಟ್ಟರೆ ಕಾಲಿನ ಕಸುವು ಮತ್ತೆ ಬರಲು ಯುಗಾದಿ ದಾಟುತ್ತದೆ. ಈ ಅಂಗಿ ಬಂದ ಮೇಲೆ ಯಾವ ಚಳಿಗಾಲದಲ್ಲೂ ನನ್ನ ಓಟ ತಪ್ಪಿಲ್ಲ. 3,400 ರೂಪಾಯಿಯನ್ನು ನಾನು ತೂಗುವುದು ಇದರ ಎದುರು.

ಐದಾರು ಕಿಲೋಮೀಟರ್ ಓಡಿ ನೇರ ಮನೆಗೆ ಬರುವವರಿಗೆ ಇದು ಬೇಡ, ನಾನೂರು ರೂಪಾಯಿಯ ಟೀ ಶರ್ಟ್ ಸಾಕು. ಒಂದೂವರೆ ಗಂಟೆಗಿಂತ ಜಾಸ್ತಿ ಓಡುವವರು, ಅದರಲ್ಲೂ ಐವತ್ತು ದಾಟಿದವರು, ಒಂದೇ ಒಂದು ತಗೊಳ್ಳಿ. ಕತ್ತಿನ ಹತ್ತಿರ ಜಿಪ್ ಇರುವುದನ್ನೇ ನೋಡಿ. ನನ್ನದಕ್ಕೆ ಜಿಪ್ ಇಲ್ಲ, ಎಂಟರ ನಂತರ ಬಿಸಿಲೇರಿದಾಗ ಅದರ ಕೊರತೆ ಗೊತ್ತಾಗುತ್ತದೆ.